ದೂರದ ಪ್ರಯಾಣಕ್ಕೆ ಏಳು ಅಡಾಪ್ಟರ್‌ಗಳ ಕಿಟ್ ತಗೊಳ್ಳಲಾ?

ದಾರಿಹೋಕ:
ಮುಂದಿನ ತಿಂಗಳು ಎಲೆಕ್ಟ್ರಿಕ್ ಕಾರಿನಲ್ಲಿ ಮೊದಲ ದೂರದ ಪ್ರಯಾಣ. ಹತ್ತು ದಿನ, ಎಲ್ಲವೂ ಗೊತ್ತಿಲ್ಲದ ಊರುಗಳು. ಕಾರಿನಲ್ಲಿರುವುದು ಸಿಸಿಎಸ್2 ಪೋರ್ಟ್, ಅಂದರೆ ಎಸಿ ಚಾರ್ಜಿಂಗ್‌ನ ಟೈಪ್ 2 ಗನ್, ಡಿಸಿ ಫಾಸ್ಟ್ ಚಾರ್ಜಿಂಗ್‌ನ ಸಿಸಿಎಸ್2 ಗನ್ ಎರಡೂ ಕೂರುವಂಥದ್ದು. ಜೊತೆಗೆ ಬಂದ ಪೋರ್ಟಬಲ್ ಚಾರ್ಜರ್‌ಗೆ 16 ಆಂಪ್ ಪ್ಲಗ್ ಇದೆ. ಆನ್‌ಲೈನ್‌ನಲ್ಲಿ ಏಳು ಅಡಾಪ್ಟರ್‌ಗಳ ಕಿಟ್ ಒಂದು ಕಣ್ಣಿಗೆ ಬಿತ್ತು. ‘ಯಾವ ಸಾಕೆಟ್ಟಿಗೂ ಕೂರುತ್ತದೆ’ ಎಂದು ಬರೆದಿದ್ದಾರೆ. ತಗೊಂಡರೆ ನೆಮ್ಮದಿ ಅಲ್ವಾ?

ವೈರ್‌ಮನ್:
ಕೂರುತ್ತದೆ, ನಿಜ. ಕೂತ ಮೇಲೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಒಂದು ವಿಷಯ ತಿಳಿದುಕೊಳ್ಳಿ ಸರ್. ಎಷ್ಟು ಕರೆಂಟ್ ಎಳೆಯಬಹುದು ಎಂದು ಕಾರಿಗೆ ತಾನಾಗಿ ಗೊತ್ತಾಗುವುದಿಲ್ಲ. ಕೇಬಲ್ ಮಧ್ಯದ ಡಬ್ಬಿ ಒಂದು ಸಂಕೇತ ಕಳಿಸುತ್ತದೆ. ‘ಇಲ್ಲಿ 16 ಆಂಪ್ ಸಿಗುತ್ತದೆ’ ಎಂದು ಅದು ಹೇಳಿದರೆ ಕಾರು ಅಷ್ಟನ್ನೂ ಎಳೆಯುತ್ತದೆ. ಆ ಡಬ್ಬಿ 16 ಎನ್ನುವುದು ತನ್ನ ತುದಿಯಲ್ಲಿರುವ ಪ್ಲಗ್ ನಂಬಿಕೊಂಡು. ನೀವು ಅದಕ್ಕೊಂದು ಅಡಾಪ್ಟರ್ ಸಿಕ್ಕಿಸಿ 10 ಆಂಪ್‌ನ ಸಾಕೆಟ್ಟಿಗೆ ಚುಚ್ಚಿದಿರಿ ಅಂತಿಟ್ಟುಕೊಳ್ಳಿ. ಡಬ್ಬಿಗೆ ಅದು ತಿಳಿಯುವುದೇ ಇಲ್ಲ. ರಾತ್ರಿಯಿಡೀ 16 ಎನ್ನುತ್ತಲೇ ಇರುತ್ತದೆ. ಮೊದಲು ಸಾಕೆಟ್ ಬಿಸಿಯಾಗುತ್ತದೆ, ಆಮೇಲೆ ಪ್ಲಾಸ್ಟಿಕ್ ಕರಗುತ್ತದೆ. ಸಾಕೆಟ್ಟಿನ ಹಿಂದಿರುವ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) 16ರದ್ದೇ ಆಗಿದ್ದರೆ ಟ್ರಿಪ್ ಕೂಡ ಆಗುವುದಿಲ್ಲ.

ಲಕ್ಷಕಿಲೋಮೀಟರ್:
ಸುಮ್ನೆ ಹೆದರಿಸಬೇಡಿ. ನಾಲ್ಕು ವರ್ಷದಿಂದ ಇಂಥದ್ದೇ ಅಡಾಪ್ಟರ್ ಡಿಕ್ಕಿಯಲ್ಲಿದೆ. ಎರಡು ಸಲ ಅದೇ ಕಾಪಾಡಿದೆ. ಒಂದು ಸಲ ಬ್ಯಾಟರಿ 4 ಶೇಕಡ, ಹತ್ತಿರದ ಫಾಸ್ಟ್ ಚಾರ್ಜರ್ ಕೆಟ್ಟಿತ್ತು. ಯಾರದೋ ಮನೆಯ ಸಾಕೆಟ್ ಸಿಕ್ಕಿತು. ಇದು ಇಲ್ಲದಿದ್ದರೆ ಕಾರನ್ನು ಲಾರಿ ಮೇಲೆ ಹತ್ತಿಸಿ ತರಬೇಕಿತ್ತು.

ವೈರ್‌ಮನ್:
ಆವಾಗ ಎಷ್ಟು ಆಂಪ್ ಇಟ್ಟಿದ್ದಿರಿ ಅಣ್ಣ?

ಲಕ್ಷಕಿಲೋಮೀಟರ್:
8. ನನ್ನ ಚಾರ್ಜರ್‌ನಲ್ಲಿ ಗುಂಡಿ ಒತ್ತಿದರೆ 6, 8, 10, 16 ಎಂದು ಬದಲಾಗುತ್ತದೆ. ಪ್ಲಗ್ ಚುಚ್ಚುವ ಮೊದಲೇ ಇಳಿಸುತ್ತೇನೆ. ಅಷ್ಟು ಬುದ್ಧಿ ಇದೆ ಮಾರಾಯರೇ.

ವೈರ್‌ಮನ್:
ಹಾಗಾದರೆ ನಿಮ್ಮನ್ನು ಕಾಪಾಡಿದ್ದು ಆ ಗುಂಡಿ, ಅಡಾಪ್ಟರ್ ಅಲ್ಲ. ಕರೆಂಟ್ ಅರ್ಧ ಮಾಡಿದರೆ ಸಾಕೆಟ್ಟಿನ ಬಿಸಿ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ದಾರಿಹೋಕರ ಚಾರ್ಜರ್‌ನಲ್ಲಿ ಆ ಗುಂಡಿ ಇದೆಯಾ? ಅದು ಮುಖ್ಯ.

ದಾರಿಹೋಕ:
ಇಲ್ಲ. ಒಂದು ಹಸಿರು ದೀಪ, ಒಂದು ಕೆಂಪು ದೀಪ. ಅಷ್ಟೇ. ಕಾರಿನ ಪರದೆಯಲ್ಲಿ ಹುಡುಕುತ್ತೇನೆ.

ಗಡಿದಾಟಿದವಳು:
ನೀವು ದೇಶ ದಾಟುತ್ತಿದ್ದೀರಾ ಇಲ್ಲವಾ, ಅದನ್ನು ಹೇಳಲೇ ಇಲ್ಲ. ಇಲ್ಲಿಯವರೆಗೆ ಮಾತಾಡಿದ್ದೆಲ್ಲ ಗೋಡೆ ಕಡೆಯ ಅಡಾಪ್ಟರ್. ಕಾರಿನ ಕಡೆಯದು ಬೇರೆಯೇ ಕಥೆ.

ಟೈಪ್ 1, ಟೈಪ್ 2 ಎಂದರೆ ಎಸಿ ಚಾರ್ಜಿಂಗ್ ಗನ್ನಿನ ಎರಡು ಆಕಾರಗಳು. ಟೈಪ್ 1ರಿಂದ ಟೈಪ್ 2ಕ್ಕೆ ಹೋಗುವುದು ಸುಲಭ. ಎರಡೂ ಒಂದೇ ಬಗೆಯ ಸಂಕೇತ ಬಳಸುತ್ತವೆ. ಟೈಪ್ 1 ಸಿಂಗಲ್ ಫೇಸ್ ಮಾತ್ರ, ಹಾಗಾಗಿ ವೇಗ ಕಡಿಮೆ ಆಗಬಹುದು. ಡಿಸಿ ಫಾಸ್ಟ್ ಚಾರ್ಜಿಂಗ್‌ನಲ್ಲಿ ಮಾತ್ರ ಕಾರು, ಚಾರ್ಜರ್ ಮಾತಾಡಿಕೊಳ್ಳುವ ಭಾಷೆ ಒಂದೇನಾ ಎಂದು ನೋಡಲೇಬೇಕು. ಉತ್ತರ ಅಮೆರಿಕದ ಎನ್‌ಎಸಿಎಸ್ ಮತ್ತು ಸಿಸಿಎಸ್1 ಎಂಬ ಎರಡು ಬಗೆಯ ಗನ್ ಆಕಾರದಲ್ಲಿ ಬೇರೆ. ಆದರೆ ಹೊಸ ಎನ್‌ಎಸಿಎಸ್ ಮಾತಾಡುವುದು ಸಿಸಿಎಸ್ ಭಾಷೆಯನ್ನೇ. ಹಾಗಾಗಿ ನಡುವೆ ಗಟ್ಟಿ ತಾಮ್ರದ ಅಡಾಪ್ಟರ್ ಇದ್ದರೆ ಸಾಕು. ಜಪಾನಿನ ಡಿಸಿ ಗನ್ ಚಾಡೆಮೊ ಹಾಗಲ್ಲ. ಅದರ ಭಾಷೆಯೇ ಬೇರೆ, ಆದ್ದರಿಂದ ಅಡಾಪ್ಟರ್ ಒಳಗೆ ತರ್ಜುಮೆ ಮಾಡುವ ಎಲೆಕ್ಟ್ರಾನಿಕ್ಸ್ ಬೇಕು. ಅದು ಭಾರ, ದುಬಾರಿ. ಎಲ್ಲಾ ಕಾರುಗಳ ಜೊತೆ ಹೊಂದುತ್ತದೆ ಎನ್ನುವ ಖಾತ್ರಿಯೂ ಇಲ್ಲ.

ಡಿಸಿ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪ್ ಎರಡನ್ನೂ ಓದಿ. 500 ವೋಲ್ಟಿನದನ್ನು 800 ವೋಲ್ಟಿನ ಕಾರಿಗೆ ಹಾಕುವಂತಿಲ್ಲ. ಕಾರು ತಯಾರಿಸಿದವರು ಒಪ್ಪಿದ್ದಾರಾ ಎಂದೂ ನೋಡಿ. ಡಿಸಿ ವಿಷಯದಲ್ಲಿ ಅಗ್ಗದ ಮಾಲು ನಾನಂತೂ ಮುಟ್ಟುವುದಿಲ್ಲ.

ದಾರಿಹೋಕ:
ದೇಶ ದಾಟುವುದಿಲ್ಲ ಮೇಡಂ. ಹೇಳದೇ ಇದ್ದದ್ದು ನನ್ನದೇ ತಪ್ಪು.

ಗಡಿದಾಟಿದವಳು:
ಹಾಗಾದರೆ ಆ ಕಿಟ್‌ನಲ್ಲಿ ಐದಾರು ನಿಮಗೆ ಬೇಡವೇ ಬೇಡ.

ಸುಮ್ನೆಓದುವವ:
ನನ್ನ ಪೆದ್ದುತನ ಕೇಳಿ. ‘ಟೈಪ್ 2 ಅಡಾಪ್ಟರ್’ ಎಂದು ತರಿಸಿದೆ. ನೋಡಲು ಚಾರ್ಜಿಂಗ್ ಗನ್ ತರಹವೇ ಇತ್ತು. ಬಂದಿದ್ದು ವಿ2ಎಲ್‌ದು. ಅಂದರೆ ಕಾರಿನಿಂದ ಕರೆಂಟ್ ಹೊರಗೆ ತೆಗೆಯುವುದು! ಟೀ ಕಾಯಿಸಬಹುದು, ಚಾರ್ಜ್ ಮಾಡಲಾಗದು. ಅದೂ ನನ್ನ ಕಾರಿಗೆ ಆ ಸೌಲಭ್ಯ ಇಲ್ಲ, ಹಾಗಾಗಿ ಟೀಯೂ ಇಲ್ಲ.

ನಿಧಾನವೇಪ್ರಧಾನ:
😀 ಯಾರೂ ಹೇಳದ ಒಂದು ವಸ್ತು ಇದೆ. ಎರಡೂ ಕಡೆ ಟೈಪ್ 2 ಇರುವ ಕೇಬಲ್. ಎಷ್ಟೋ ಎಸಿ ಚಾರ್ಜಿಂಗ್ ಕಂಬಗಳಲ್ಲಿ ಗನ್ ನೇತುಹಾಕಿರುವುದಿಲ್ಲ, ಬರೀ ಸಾಕೆಟ್ ಇರುತ್ತದೆ. ಕೇಬಲ್ ನಮ್ಮದೇ ಬೇಕು. ಆ ಕೇಬಲ್ ಇಲ್ಲದೆ ನಾನು ಕಂಬದ ಮುಂದೆ ಪೆಚ್ಚಾಗಿ ನಿಂತಿದ್ದೇನೆ. 32 ಆಂಪ್‌ನದೇ ತಗೊಳ್ಳಿ. 20ರದು ತಗೊಂಡರೆ ಕಂಬ ಅದನ್ನು ಗುರುತಿಸಿ 20ಕ್ಕೇ ನಿಲ್ಲಿಸುತ್ತದೆ. ಉದ್ದ ಐದು ಮೀಟರ್‌ಗಿಂತ ಕಡಿಮೆ ಬೇಡ. ಪಕ್ಕದ ಕಾರು ಅಡ್ಡ ನಿಂತಿರುತ್ತದೆ.

ಲಕ್ಷಕಿಲೋಮೀಟರ್:
ಇದು ಒಳ್ಳೆ ಮಾತು. ಜೊತೆಗೊಂದು ಎಕ್ಸ್‌ಟೆನ್ಷನ್ ವೈರೂ ಇರಲಿ. ಸಾಕೆಟ್ ಎಲ್ಲೋ, ಕಾರು ಎಲ್ಲೋ.

ವೈರ್‌ಮನ್:
ಅಯ್ಯೋ. ಎಕ್ಸ್‌ಟೆನ್ಷನ್ ಬೇಡ ಎಂದು ಚಾರ್ಜರ್ ಕೈಪಿಡಿಗಳಲ್ಲೇ ಬರೆದಿರುತ್ತದೆ. ಕೇಳುವುದಿಲ್ಲ ಅಂದರೆ ದಪ್ಪ ತಂತಿಯದು ಹಿಡಿಯಿರಿ, ಸುರುಳಿ ಪೂರ್ತಿ ಬಿಚ್ಚಿ. ಸುತ್ತಿದ ಸುರುಳಿಯಲ್ಲಿ ಬಿಸಿ ಹೊರಗೆ ಹೋಗುವುದಿಲ್ಲ, ಒಳಗೊಳಗೇ ಬೇಯುತ್ತದೆ.

ಇನ್ನೊಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಅರ್ಥಿಂಗ್ ಇಲ್ಲದ ಕಡೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಆಗ ಕೆಲವರು ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿಬಿಟ್ಟ ಪ್ಲಗ್ ಬಳಸಿ ಅದನ್ನು ಯಾಮಾರಿಸುತ್ತಾರೆ. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಕಾರಿನ ಬಾಡಿಗೇ ಕರೆಂಟ್ ಬರುತ್ತದೆ. ಬಾಗಿಲು ಮುಟ್ಟಿದವರ ಗತಿ?

ಲಕ್ಷಕಿಲೋಮೀಟರ್:
ಅದು ತಪ್ಪು, ಒಪ್ಪುತ್ತೇನೆ. ಕೆಂಪು ದೀಪ ಬಂದರೆ ಬೇರೆ ಸಾಕೆಟ್ ಹುಡುಕಬೇಕು ಅಷ್ಟೇ. ಆದರೆ ಅಡಾಪ್ಟರ್ ಬೇಡವೇ ಬೇಡ ಎನ್ನುವುದನ್ನು ಒಪ್ಪಲ್ಲ. 230 ವೋಲ್ಟಿನಲ್ಲಿ 8 ಆಂಪ್ ಇಟ್ಟರೂ ಹತ್ತು ಗಂಟೆಗೆ 18 ಯೂನಿಟ್. ನಷ್ಟ ಕಳೆದರೂ ಮುಂದಿನ ಚಾರ್ಜರ್‌ವರೆಗೆ ಹೋಗಲು ಧಾರಾಳ.

ನಿಧಾನವೇಪ್ರಧಾನ:
ನಡುವಿನ ದಾರಿಯೂ ಇದೆ. ಕೆಲವು ಚಾರ್ಜರ್‌ಗಳಲ್ಲಿ ಗೋಡೆ ಕಡೆಯ ತುದಿಯನ್ನೇ ಕಳಚಿ ಬದಲಾಯಿಸಬಹುದು. ಯಾವ ತುದಿ ಹಾಕಿದ್ದೀರಿ ಎಂದು ಡಬ್ಬಿಗೆ ಗೊತ್ತಾಗುತ್ತದೆ, ಆಂಪ್ ತಾನೇ ಇಳಿಸುತ್ತದೆ. ನಾವು ಮರೆತರೂ ಅದು ಮರೆಯುವುದಿಲ್ಲ.

ವೈರ್‌ಮನ್:
ಅದಾದರೆ ನನ್ನ ತಕರಾರಿಲ್ಲ.

ದಾರಿಹೋಕ:
ಕಾರಿನ ಪರದೆಯಲ್ಲಿ ಹುಡುಕಿದೆ. ಚಾರ್ಜಿಂಗ್ ಮೆನು ಒಳಗೆ ಎಸಿ ಕರೆಂಟ್ ಮಿತಿ ಇದೆ! 6ರವರೆಗೂ ಇಳಿಸಬಹುದು. ಕಿಟ್ ಬಿಟ್ಟೆ. 32 ಆಂಪ್ ಟೈಪ್ 2 ಕೇಬಲ್‌ಗೆ ಆರ್ಡರ್ ಹಾಕಿದೆ. ತುದಿ ಬದಲಾಯಿಸುವ ಚಾರ್ಜರ್ ನೋಡುತ್ತಿದ್ದೇನೆ.

ವೈರ್‌ಮನ್:
ಒಳ್ಳೆಯದು. ಕಾರಿನಲ್ಲಿ ಇಟ್ಟ ಮಿತಿ ಮುಂದಿನ ಸಲ ಪ್ಲಗ್ ಮಾಡಿದಾಗಲೂ ಉಳಿಯುತ್ತದಾ ಎಂದು ಮನೆಯಲ್ಲೇ ನೋಡಿ. ಕೆಲವು ಕಾರುಗಳು ಅದನ್ನು ಮರೆತು ಮತ್ತೆ ಪೂರ್ತಿ ಎಳೆಯುತ್ತವೆ. ಮೊದಲ ಅರ್ಧ ಗಂಟೆ ಆದ ಮೇಲೆ ಪ್ಲಗ್ ಮುಟ್ಟಿ ನೋಡಿ. ಕೈ ಇಡಲು ಆಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿಬಿಡಿ.

ಸುಮ್ನೆಓದುವವ:
ಯಾರಿಗಾದರೂ ವಿ2ಎಲ್ ಅಡಾಪ್ಟರ್ ಬೇಕಾ? ಒಂದು ಸಲವೂ ಬಳಸಿಲ್ಲ.