ಹಳೇ ಸೀರೆ, ಉಡುಪಿನ ಅಂಗಡಿ ಶಿವಮೊಗ್ಗದಲ್ಲಿ: ಕೊಳ್ಳುವಾಗ ಏನು ನೋಡಬೇಕು, ಮಳೆಗಾಲ ದಾಟಿಸುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಹಳೇ ಉಡುಪಿನ ಅಂಗಡಿ ಇಡುವ ಯೋಚನೆ ನಡೆದಿದೆ. ಮಳಿಗೆ 10×14 ಅಡಿ, ನೆಲಮಹಡಿ, ಹಿಂದಿನ ಗೋಡೆಗೆ ಕಿಟಕಿ ಇಲ್ಲ. ರಸ್ತೆ ಚೆನ್ನಾಗಿದೆ: ಪುಸ್ತಕದಂಗಡಿ, ಫೋಟೊಗೆ ಕಟ್ಟು ಹಾಕುವವರು, ಒಂದು ಕಾಫಿ ಅಂಗಡಿ, ಸಂಜೆ ನಾಟಕಕ್ಕೆ, ಸಂಗೀತಕ್ಕೆ ಬರುವ ಜನ, ಕಾಲೇಜು ಹುಡುಗರು. ಮಾರಬೇಕೆಂದಿರುವುದು 1960ರಿಂದ 1990ರ ನಡುವಿನ ಇಳಕಲ್, ಮೈಸೂರು ರೇಷ್ಮೆ, ಕೈಮಗ್ಗದ ಹತ್ತಿ ಸೀರೆ, ಜರಿ ಅಂಚಿನ ಪಂಚೆ, ಶಲ್ಯ, ಉಣ್ಣೆ ಕೋಟು, ಕಂಬಳಿ.

ಕೇಳಬೇಕಾಗಿರುವುದು ಇಷ್ಟು. ಮನೆಗಳಿಂದ ಕೊಳ್ಳುವಾಗ ಏನೇನು ಪರೀಕ್ಷೆ ಮಾಡಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯದಂತೆ ಇಡುವುದು ಹೇಗೆ? ಬೆಲೆ ಕಟ್ಟುವ ಕ್ರಮ ಏನು, ಜಿಎಸ್‌ಟಿ ಹೇಗೆ? ಹೊರದೇಶದ ಹಳೇ ಬಟ್ಟೆ ಬಂದಿಳಿಯುವ ಹರಿಯಾಣದ ಪಾಣಿಪತ್ ಕಡೆಯಿಂದ ಕಟ್ಟುಗಟ್ಟಲೆ ತರಿಸಬಹುದು ಅಂತ ಒಬ್ಬರು ಹೇಳುತ್ತಿದ್ದಾರೆ, ಅದು ಲಾಭವೇ?

ಹಳೇಪೆಟ್ಟಿಗೆ

ಕೊನೇ ಪ್ರಶ್ನೆಯಿಂದ ಶುರು ಮಾಡೋಣ. ಕಟ್ಟು ಬೇಡ. ಉಟ್ಟು ಬಿಟ್ಟ ಬಟ್ಟೆಯ ಆಮದಿಗೆ ನಮ್ಮಲ್ಲಿ ನಿರ್ಬಂಧ ಇದೆ, ಲೈಸೆನ್ಸ್ ಇಲ್ಲದೆ ಬಂದ ಮಾಲು ಎಲ್ಲಿಂದ ಬಂತೆಂದು ಕೇಳಿದರೆ ನಿಮ್ಮ ಹತ್ತಿರ ಕಾಗದ ಇರುವುದಿಲ್ಲ. ಅದೂ ಅಲ್ಲದೆ ಬರುವುದು ಜಾಕೆಟ್ಟು, ಜೀನ್ಸು. ನಿಮ್ಮ ರಸ್ತೆಗೆ ಬೇಕಾದ ಇಳಕಲ್ ಆ ಕಟ್ಟಿನಲ್ಲಿ ಇರುವುದಿಲ್ಲ. ಹಳೇ ಬಟ್ಟೆಗೆ ಪಾತ್ರೆ ಕೊಡುವವರನ್ನು ಹಿಡಿಯಿರಿ. ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಮನೆಗೂ ಹೋಗುವವರು ಅವರು. ಜರಿ ಅಥವಾ ಕೈಮಗ್ಗ ಕಂಡರೆ ಬೇರೆ ತೆಗೆದಿಡಿ, ಪಾತ್ರೆಯ ಬೆಲೆಗಿಂತ ಜಾಸ್ತಿ ಕೊಡುತ್ತೇವೆ ಎಂದು ಹೇಳಿಟ್ಟರೆ ಸಾಕು.

ಇನ್ನು ಪರೀಕ್ಷೆ. ಸೀರೆಯನ್ನು ಎಂದೂ ಮಡಿಕೆಯಲ್ಲಿ ನೋಡಿ ಕೊಳ್ಳಬೇಡಿ. ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಮೊದಲು ನೋಡಬೇಕಾದ್ದು ಮಡಿಕೆಯ ಗೆರೆ. ಕೆಲವು ಹಳೇ ರೇಷ್ಮೆಗೆ ತೂಕ ಬರಲೆಂದು ಲೋಹದ ಲವಣ ಕುಡಿಸಿರುತ್ತಾರೆ. ಅಂಥದ್ದು ಮಡಿಕೆಯಲ್ಲೇ ಗಾಜಿನಂತೆ ಒಡೆಯುತ್ತದೆ, ಅದಕ್ಕೆ ರಿಪೇರಿ ಇಲ್ಲ. ಮಡಿಕೆಯ ಎರಡೂ ಬದಿಯನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಸರಿದು ಕಿಂಡಿ ಬಿದ್ದರೆ ಅದು ಉಡುವ ಸೀರೆಯಲ್ಲ, ದಿಂಬಿನ ಚೀಲಕ್ಕೆ ಅಂಚು ಕೊಡುವ ಸೀರೆ. ಆ ಬೆಲೆಯನ್ನೇ ಹೇಳಿ.

ಎರಡನೆಯದು ಫಾಲ್. ಹಳೇ ಫಾಲ್ ಒಗೆದಾಗ ಸೀರೆಗಿಂತ ಹೆಚ್ಚು ಕುಗ್ಗಿ ಅಂಚನ್ನು ಎಳೆದಿರುತ್ತದೆ, ಅದರ ಹಿಂದೆ ಮಣ್ಣು ಕೂತಿರುತ್ತದೆ. ಒಂದು ಗೇಣು ಬಿಚ್ಚಿ ಒಳಗೆ ನೋಡಿ. ಸೀರೆಯ ಅಸಲು ಬಣ್ಣ ಗೊತ್ತಾಗುವುದೂ ಅಲ್ಲೇ. ಕುಪ್ಪಸವಾದರೆ ಕಂಕುಳು. ಬೆವರು ತಿಂದ ರೇಷ್ಮೆ ನೋಡಲು ಗಟ್ಟಿ ಇದ್ದರೂ ಒಗೆದ ಮೇಲೆ ಹರಿಯುತ್ತದೆ.

ನೂಲಿನ ಬಗ್ಗೆ ಅನುಮಾನ ಬಂದರೆ ಸೆರಗಿನ ತುದಿಯ ಒಂದೆಳೆ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುತ್ತದೆ, ಹತ್ತಿ ಕಾಗದದ ಹಾಗೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಜರಿಯ ಒಂದೆಳೆಯನ್ನು ಉಗುರಿನಿಂದ ಕೆರೆದರೆ ಒಳಗೆ ರೇಷ್ಮೆಯ ಎಳೆ ಕಂಡರೆ ಅಸಲಿ ಇರಬಹುದು. ತಾಮ್ರದ ಬಣ್ಣ ಇಣುಕಿದರೆ ನಕಲಿ. ಹಾಳೆಯಂತೆ ಸಿಪ್ಪೆ ಏಳುವುದು ಪ್ಲಾಸ್ಟಿಕ್ ಜರಿ. ಅಸಲಿ ಜರಿಯ ಸೀರೆಗೆ ಬೆಳ್ಳಿ ಕರಗಿಸುವವರು ತೂಕದ ಮೇಲೆ ದುಡ್ಡು ಕೊಡುತ್ತಾರೆ. ಮನೆಯವರಿಗೂ ಆ ದರ ಗೊತ್ತಿರುತ್ತದೆ, ಅದಕ್ಕಿಂತ ಕಮ್ಮಿಗೆ ನಿಮಗೆ ಸಿಗುವುದಿಲ್ಲ.

ಇಳಕಲ್‌ನಲ್ಲಿ ಮೈ ಮತ್ತು ಸೆರಗು ಕೂಡುವ ಜಾಗ ನೋಡಿ. ಮೈಯ ಹಾಸು (ಉದ್ದದ ಎಳೆ) ಹತ್ತಿ, ಸೆರಗಿನ ಹಾಸು ರೇಷ್ಮೆ, ಎರಡನ್ನೂ ಮಗ್ಗದಲ್ಲೇ ಒಂದೊಂದೆಳೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಅಲ್ಲಿ ಹೊಲಿಗೆ ಕಂಡರೆ ಸೆರಗು ಬೇರೆ ಸೀರೆಯದ್ದು. ಟೋಪ ತೆನಿಯ (ಇಳಕಲ್ ಸೆರಗಿನ ಕೆಂಪು-ಬಿಳಿ ವಿನ್ಯಾಸ) ಕೆಂಪು ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯನ್ನು 1 ನಿಮಿಷ ಒತ್ತಿ ಪರೀಕ್ಷಿಸಿ. ಮೈಸೂರು ರೇಷ್ಮೆ ಕ್ರೇಪ್, ಹುರಿ ಜಾಸ್ತಿ ಇರುವ ನೂಲು. ನೀರಿಗೆ ಹಾಕಿದರೆ ಕುಗ್ಗುತ್ತದೆ, ಡ್ರೈಕ್ಲೀನೇ ಸರಿ. ಈಚಿನ ಕೆಎಸ್‌ಐಸಿ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಸೀರೆಯಲ್ಲಿ ಸಂಕೇತ ಸಂಖ್ಯೆ, ಹೊಲೊಗ್ರಾಂ ಇರುತ್ತದೆ. ಹಳೆಯದರಲ್ಲಿ ಇಲ್ಲ ಎಂದ ಮಾತ್ರಕ್ಕೆ ಅದು ನಕಲಿ ಅಲ್ಲ.

ಮತ್ತೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಪೆಟ್ಟಿಗೆ ಖಾಲಿ ಮಾಡುವವರಿಂದ ಕೊಳ್ಳುವಾಗ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿದೆಯೇ ಎಂದು ಬಾಯಿಬಿಟ್ಟು ಕೇಳಿ. ಸೊಸೆ ಮಾರಿದ ಸೀರೆಯನ್ನು ಹುಡುಕಿಕೊಂಡು ಮಗಳು ಅಂಗಡಿಗೆ ಬರುವುದು ಈ ವ್ಯಾಪಾರದಲ್ಲಿ ಮಾಮೂಲು. ಪುಸ್ತಕದಲ್ಲಿ ತಾರೀಖು, ಹೆಸರು, ವಿವರ, ಕೊಟ್ಟ ಹಣ, ಸಹಿ. 30 ದಿನ ಆ ಮಾಲನ್ನು ಹೊರಗೆ ಹಾಕದಿದ್ದರೆ ಇನ್ನೂ ಒಳ್ಳೆಯದು. ಹೇಗೂ ಒಗೆಯಲು, ಒಣಗಿಸಲು ಅಷ್ಟು ದಿನ ಬೇಕು.

ಜಡಿಮಳೆ

ಶಿವಮೊಗ್ಗ ಪೇಟೆಯ ಮಳೆ ಬೇರೆ, ತೀರ್ಥಹಳ್ಳಿ, ಹೊಸನಗರದ ಮಳೆ ಬೇರೆ. ಆಗುಂಬೆ ಕಡೆಯವರ ಸಲಹೆಯನ್ನೆಲ್ಲ ಪೇಟೆಗೆ ಹಾಕಿಕೊಂಡು ಹೆದರಬೇಡಿ ಮಾರಾಯ್ರೆ. ಆದರೆ ಹಿಂಗೋಡೆಗೆ ಕಿಟಕಿ ಇಲ್ಲದ ಮಳಿಗೆ ಎಂದಿರಲ್ಲ, ಭಯ ಪಡಬೇಕಾದ್ದು ಅದಕ್ಕೆ.

ಮೊದಲು ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತನ್ನಿ, ಕೆಲವೇ ನೂರು ರೂಪಾಯಿ. ಹಿಂಗೋಡೆಯ ಹತ್ತಿರ, ನೆಲದಿಂದ 1 ಅಡಿ ಎತ್ತರದಲ್ಲಿ ಇಡಿ. ಎಲ್ಲಕ್ಕಿಂತ ತಂಪು, ತೇವ ಇರುವ ಜಾಗ ಅದು. ತೇವಾಂಶ ಶೇ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುತ್ತದೆ. 55ರ ಆಸುಪಾಸು ಇದ್ದರೆ ನೆಮ್ಮದಿ. 140 ಚದರಡಿಗೆ ದಿನಕ್ಕೆ 10ರಿಂದ 12 ಲೀಟರ್ ನೀರು ಎಳೆಯುವ ಡಿಹ್ಯುಮಿಡಿಫೈಯರ್ ಸಾಕು. ಅದು 250 ವ್ಯಾಟ್ ಎಂದುಕೊಂಡರೆ 8 ಗಂಟೆಗೆ 2 ಯೂನಿಟ್. ಹಗಲು ಬಾಗಿಲು ತೆರೆದಿಟ್ಟು ಓಡಿಸಿದರೆ ಇಡೀ ರಸ್ತೆಯ ತೇವವನ್ನು ಒಣಗಿಸಿದಂತೆ. ಅಂಗಡಿ ಮುಚ್ಚಿದ ಮೇಲೆ ಟೈಮರ್ ಹಾಕಿ ಓಡಿಸಿ, ಪೈಪನ್ನು ಹೊರಗಿನ ಮೋರಿಗೆ ಬಿಡಿ. ಇಲ್ಲದಿದ್ದರೆ ಡಬ್ಬಿ ತುಂಬಿ ಮಧ್ಯರಾತ್ರಿ ತಾನೇ ನಿಂತುಬಿಡುತ್ತದೆ. ಬೆಳಿಗ್ಗೆ ನಿಮಗೆ ಗೊತ್ತೂ ಆಗುವುದಿಲ್ಲ.

ಬೀರು ಗೋಡೆಯಿಂದ 3 ಇಂಚು ಮುಂದಿರಲಿ, ಕೆಳಗೆ ಮರದ ತುಂಡು. ಕಬ್ಬಿಣದ ಬೀರುವಿನ ಒಳಮೈ ಬೆವರುತ್ತದೆ, ಹಾಗಾಗಿ ಹಲಗೆಗೆ ಒಗೆದ ಹಳೇ ಪಂಚೆ ಹಾಸಿ. ಸೀರೆಯನ್ನೂ ಮಲ್ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಕೂಡಿಹಾಕುತ್ತದೆ. ಭಾರದ ರೇಷ್ಮೆಯನ್ನು ಹ್ಯಾಂಗರ್‌ಗೆ ತೂಗಬಾರದು, ಜರಿ ಅಂಚಿನ ತೂಕಕ್ಕೆ ಮೈ ಜಗ್ಗುತ್ತದೆ. 3 ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಿಸಿ.

ಗಂಜಿ ಹಾಕಿ ಇಡಬೇಡಿ. ಬೆಳ್ಳಿಹುಳು ಬರುವುದೇ ಗಂಜಿಗೆ. ಅಂಗಡಿಯವರು ಪಾಲಿಶ್ ಎಂದು ಕರೆಯುವ ರೋಲ್ ಪ್ರೆಸ್‌ನಲ್ಲಿ ಅಂಟು, ಗಂಜಿ ಸೇರಿರುತ್ತದೆ. ಅದನ್ನು ಮಾರುವ ವಾರ ಮಾಡಿಸಿ, ದಾಸ್ತಾನಿಗೆ ಬೇಡ.

ಹೊಸದಾಗಿ ಬಂದ ಮಾಲನ್ನು ನೇರ ಬೀರುವಿಗೆ ಹಾಕಿದರೆ ಒಂದು ಕಂಬಳಿಯ ಹುಳು ಇಡೀ ಅಂಗಡಿಗೆ ಹರಡುತ್ತದೆ. ಉಣ್ಣೆ, ಕಂಬಳಿ, ಅನುಮಾನದ ರೇಷ್ಮೆಯನ್ನು ಒಣಗಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಹಾಕಿ ಅಂಟಿಸಿ, −18 ಡಿಗ್ರಿ ಫ್ರೀಜರ್‌ನಲ್ಲಿ 2 ವಾರ ಇಡಿ. ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆ ಬಟ್ಟೆಯ ಮೇಲೆ ನೀರು ಕಟ್ಟುತ್ತದೆ. ಪ್ಲಾಸ್ಟಿಕ್ ಚೀಲ ಬಳಸಬೇಕಾದ ಜಾಗ ಇದೊಂದೇ.

ನುಸಿಗುಳಿಗೆ ಮತ್ತು ಕರ್ಪೂರ ಎರಡನ್ನೂ ಒಟ್ಟಿಗೆ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಬೇಡವೇ ಬೇಡ. ಬೇರೆ ಬೇರೆ ಇದ್ದಾಗ ಗಟ್ಟಿಯಾಗಿರುವ ಎರಡೂ ಒಂದಕ್ಕೊಂದು ತಾಗಿದರೆ ಬೇಸಿಗೆಯ ಸೆಕೆಗೇ ಕರಗಿ ಎಣ್ಣೆಯಂತಾಗುತ್ತವೆ, ಆ ಕಲೆ ಹೋಗುವುದಿಲ್ಲ. ಲಕ್ಕಿ ಸೊಪ್ಪು, ಬೇವಿನೆಲೆ ಹಾಕುವುದಾದರೆ ಗರಿಗರಿ ಒಣಗಿಸಿ ಚೀಲದಲ್ಲಿ ಕಟ್ಟಿ ಇಡಿ. ಹಸಿ ಎಲೆಯೇ ತೇವ ತರುತ್ತದೆ. ಅದು ಹುಳುವನ್ನು ಒಂದಷ್ಟು ದೂರ ಇಡಬಹುದು, ಒಳಗಿರುವ ಮೊಟ್ಟೆಯನ್ನು ಕೊಲ್ಲುವುದಿಲ್ಲ.

ಲೆಕ್ಕದಪುಸ್ತಕ

ಬೆಲೆ. ಒಂದು ಇಳಕಲ್‌ಗೆ 600 ಕೊಟ್ಟಿರಿ ಎಂದಿಟ್ಟುಕೊಳ್ಳಿ. ಒಗೆತ, ಇಸ್ತ್ರಿ 150, ಹೊಸ ಫಾಲ್, ಪಿಕೊ 120, ಚಿಕ್ಕ ರಫು 80. ಒಟ್ಟು 950. 1500ಕ್ಕೆ ಮಾರಿದರೆ ಉಳಿಯುವುದು 550. ಬಾಡಿಗೆ, ಕರೆಂಟು, ಕೈಯಾಳು ಎಲ್ಲ ಸೇರಿ ತಿಂಗಳಿಗೆ 33,000 ಖರ್ಚಿದ್ದರೆ ಬರೀ ಅಸಲಿಗೆ 60 ಸೀರೆ ಹೋಗಬೇಕು. 26 ದಿನಕ್ಕೆ ಹಂಚಿದರೆ ದಿನಕ್ಕೆ ಎರಡಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ಇದರ ಅರ್ಧ ಎಂದು ಬರೆದುಕೊಂಡೇ ಬಾಡಿಗೆಗೆ ಒಪ್ಪಿ. ಮುಂಗಡ ಕೊಡುವ ಮೊದಲು ಮಾಡಬೇಕಾದ ಲೆಕ್ಕ ಇದು, ಬೋರ್ಡಿನ ಬಣ್ಣ ಆಮೇಲೆ.

ಕೊಳ್ಳಲು ಬಂಡವಾಳ ಸಾಲದಿದ್ದರೆ ಮಾರಿಕೊಡುವ ಕರಾರು ಮಾಡಿಕೊಳ್ಳಿ: ಮಾರಿದ ಮೇಲೆ ಮಾಲೀಕರಿಗೆ ಶೇ. 60, ಅಂಗಡಿಗೆ 40, ಅವಧಿ 90 ದಿನ. ಒಗೆಯುವ ಖರ್ಚು ಯಾರದ್ದು ಎಂಬುದನ್ನು ಮೊದಲೇ ಬರೆಯಿರಿ. ಜಗಳ ಬರುವುದು ಅಲ್ಲೇ.

ಜಿಎಸ್‌ಟಿ: ಕರ್ನಾಟಕದಲ್ಲಿ ಸರಕು ವ್ಯಾಪಾರಕ್ಕೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಆದರೆ ಇನ್‌ಸ್ಟಾಗ್ರಾಂನಲ್ಲಿ ನೋಡಿ ಚೆನ್ನೈಯವರು ಕೇಳಿದರೆಂದು ಸೀರೆ ಕಳಿಸಿದಿರೋ, ಅದು ಹೊರರಾಜ್ಯದ ಮಾರಾಟ, ಮೊತ್ತ ಎಷ್ಟೇ ಇರಲಿ ಸಾಮಾನ್ಯವಾಗಿ ನೋಂದಣಿ ಬೇಕು. ನೋಂದಣಿ ಆದವರಿಗೆ ಹಳೇ ಸರಕಿನ ವಿಷಯದಲ್ಲಿ 32(5) ನಿಯಮ ಇದೆ: ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸಕ್ಕೆ ಮಾತ್ರ ತೆರಿಗೆ. ಖರೀದಿಯ ಮೇಲೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ತೆಗೆದುಕೊಂಡಿರಬಾರದು, ವಸ್ತುವಿನ ಸ್ವರೂಪ ಬದಲಾಗಿರಬಾರದು. ಒಗೆದು ಇಸ್ತ್ರಿ ಮಾಡಿದರೆ ಅಡ್ಡಿಯಿಲ್ಲ. ಸೀರೆ ಕತ್ತರಿಸಿ ಕುರ್ತಾ ಹೊಲಿಸಿದರೆ ಈ ಅನುಕೂಲ ಹೋಯಿತು. ಕೊಂಡ ಬೆಲೆಗೆ ಪುರಾವೆ ಮೇಲಿನವರು ಹೇಳಿದ ಸಹಿ ಪುಸ್ತಕವೇ.

ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಂಗಡಿ ಕಾಯ್ದೆಯ ನೋಂದಣಿ, ಮೆಸ್ಕಾಂನಲ್ಲಿ ವಾಣಿಜ್ಯ ಸಂಪರ್ಕ, ಇವು ಎಲ್ಲ ಅಂಗಡಿಗೂ ಇರುವಂಥವೇ.

ಮಾತಿನ ಭರದಲ್ಲಿ “ನೂರು ವರ್ಷದ ಸೀರೆ” ಎಂದು ಚೀಟಿ ಅಂಟಿಸಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ಕಲಾಕುಸುರಿಯ ವಸ್ತು ಪ್ರಾಚ್ಯವಸ್ತುವಾಗುತ್ತದೆ, ಅದರ ವ್ಯಾಪಾರಕ್ಕೆ ಬೇರೆಯೇ ಲೈಸೆನ್ಸ್ ಬೇಕು, ದೇಶದ ಹೊರಗೆ ಕಳಿಸುವಂತಿಲ್ಲ. ಗೊತ್ತಿದ್ದಷ್ಟೇ ಬರೆಯಿರಿ: “1970ರ ದಶಕ, ಇಳಕಲ್, ಚಿಕ್ಕಿ ಪರಾಸ್ ಅಂಚು, ಉದ್ದ 8 ಗಜ.”

ಬಣ್ಣದಮನೆ

ಸಂಜೆ ನಾಟಕಕ್ಕೆ ಜನ ಬರುವ ರಸ್ತೆ ಎಂದ ಮೇಲೆ ಉಡುಪು ಬಾಡಿಗೆಗೆ ಕೊಡುವ ವ್ಯವಹಾರ ಬಿಡಬೇಡಿ, ಮಳೆಗಾಲದ ಕೊರತೆಯನ್ನು ಅದು ಸ್ವಲ್ಪ ತುಂಬುತ್ತದೆ. ನಾಟಕ ತಂಡಕ್ಕೆ ಬೇಕಾದ್ದು ಹಳೇ ಕೋಟು, ಕರಿ ಟೋಪಿ, ಕಚ್ಚೆಪಂಚೆ, 9 ಗಜದ ಹತ್ತಿ ಸೀರೆ. ಮಾರುವ ಬೆಲೆಯಷ್ಟು ಠೇವಣಿ, 3 ದಿನಕ್ಕೆ ಅದರ ಶೇ. 15 ಬಾಡಿಗೆ. ರೇಷ್ಮೆ ಬಾಡಿಗೆಗೆ ಕೊಡಬೇಡಿ, ಮುಖದ ಬಣ್ಣದ ಎಣ್ಣೆ ಕೊರಳಪಟ್ಟಿಗೆ ಹತ್ತಿದರೆ ಮುಗಿಯಿತು. ಕೋಟಿನ ಕೊರಳಿಗೆ ಬಿಚ್ಚಿ ಒಗೆಯುವಂಥ ಬಿಳಿ ಪಟ್ಟಿ ಟಾಕಿ ಹಾಕಿ ಕೊಡಿ. ಪಿನ್ನು ತುಕ್ಕು ಹಿಡಿಯದ ಸ್ಟೀಲಿನದೇ ಇರಲಿ. ಮಳೆಗಾಲದಲ್ಲಿ ಕಬ್ಬಿಣದ ಪಿನ್ ರಾತ್ರಿ ಬೆಳಗಾಗುವುದರೊಳಗೆ ತುಕ್ಕಿನ ಗುರುತು ಬಿಟ್ಟಿರುತ್ತದೆ.

ಗಾಜಿನ ಹಿಂದೆ ಬೊಂಬೆಗೆ ಉಡಿಸಿದ್ದನ್ನು 10 ದಿನಕ್ಕೊಮ್ಮೆ ಬದಲಿಸಿ. ಪಡುವಣ ದಿಕ್ಕಿನ ಬಿಸಿಲಾದರೆ ಅಷ್ಟೂ ಬೇಡ, ಹಳದಿ, ಗುಲಾಬಿ ಬೇಗ ಮಾಸುತ್ತವೆ. ಕಿಟಕಿಗೆ ಮಳೆಗೆ ಹೊದೆಯುವ ಒಂದು ಕಂಬಳಿ ಕೊಪ್ಪೆಯೋ ಎಲೆಯ ಗೊರಬೋ ಇಟ್ಟರೆ ಜನ ನಿಂತು ನೋಡುತ್ತಾರೆ, ಅದು ಬೇಗ ಮಾಸುವುದೂ ಇಲ್ಲ.

“ಯಾರೋ ಉಟ್ಟದ್ದು, ಮೈಲಿಗೆ” ಎನ್ನುವವರು ಇದ್ದೇ ಇರುತ್ತಾರೆ. ವಾದ ಬೇಡ, ಮುಚ್ಚಿಡುವುದೂ ಬೇಡ. ಯಾವ ರೀತಿ ಒಗೆದದ್ದು, ಯಾವತ್ತು ಒಗೆದದ್ದು ಎಂದು ಚೀಟಿಯಲ್ಲಿರಲಿ. ಅಷ್ಟಕ್ಕೂ ಒಪ್ಪದವರು ಶಲ್ಯ, ಕೌದಿ ಕೊಳ್ಳುತ್ತಾರೆ. ಹಾಳಾದ ಹತ್ತಿ ಸೀರೆಯನ್ನೆಲ್ಲ ಕೌದಿಗೇ ತೆಗೆದಿಡಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಬಾಡಿಗೆ ಮಾತುಕತೆಗೆ ಮೊದಲು ಹೈಗ್ರೋಮೀಟರನ್ನು ಒಂದು ವಾರ ಆ ಮಳಿಗೆಯಲ್ಲೇ ಇಟ್ಟು ನೋಡುವುದು ಎಂದಾಯಿತು. ಇನ್ನೊಂದು: ಜರಿ ಅಂಚಿನ ಬಿಳಿ ಪಂಚೆ 20 ಇವೆ, ಮಡಿಕೆಯಲ್ಲಿ ಹಳದಿ ಕಲೆ, ಜರಿ ಕಪ್ಪಾಗಿದೆ. ಹುಣಿಸೆಹಣ್ಣು ಹಚ್ಚಬಹುದೇ?

ಜಡಿಮಳೆ

ಹಿತ್ತಾಳೆ ಚೆಂಬಿಗೆ ಹುಣಿಸೆ, ಜರಿಗೆ ಅಲ್ಲ. ಆ ಕಪ್ಪು ಬೆಳ್ಳಿಗೂ ಗಂಧಕಕ್ಕೂ ಆದ ಪದರ. ಹುಳಿಯಿಂದ ತಿಕ್ಕಿದರೆ ಮೇಲಿನ ತೆಳು ಚಿನ್ನದ ಲೇಪವೂ ಏಳುತ್ತದೆ. ಒಣ ಮಲ್ ಬಟ್ಟೆಯಲ್ಲಿ ನೂಲಿನ ದಿಕ್ಕಿಗೆ ಮೆತ್ತಗೆ ಒರೆಸಿ, ಬಂದಷ್ಟು ಬರಲಿ. ಪಂಚೆ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರೆ ಈಗಲೇ ತೆಗೆಯಿರಿ, ಅದರಲ್ಲೂ ಗಂಧಕ ಇದೆ.

ಹಳದಿಗೆ, ಜರಿ ಇಲ್ಲದ ಬಿಳಿ ಹತ್ತಿಯಾಗಿದ್ದರೆ 1 ಲೀಟರ್ ಬೆಚ್ಚನೆ ನೀರಿಗೆ 1 ದೊಡ್ಡ ಚಮಚ ಸೋಡಿಯಂ ಪರ್ಕಾರ್ಬೊನೇಟ್ (ಆಕ್ಸಿಜನ್ ಬ್ಲೀಚ್ ಪುಡಿ) ಹಾಕಿ 4 ಗಂಟೆ ನೆನೆಸಿದರೆ ಸಾಕಿತ್ತು. ರೇಷ್ಮೆ, ಉಣ್ಣೆಗೆ ಅದು ಆಗದು, ಕ್ಷಾರ. ಕ್ಲೋರಿನ್ ಬ್ಲೀಚಂತೂ ರೇಷ್ಮೆಯನ್ನು ಕರಗಿಸಿಯೇ ಬಿಡುತ್ತದೆ. ನಿಮ್ಮದಕ್ಕೆ ಜರಿ ಇದೆ. ಅಂಚನ್ನು ಮೇಲೆ ಕಟ್ಟಿ ನಡುವನ್ನು ಮಾತ್ರ ಅದ್ದಿದರೂ ನೀರು ನೂಲಿನಲ್ಲಿ ಏರಿ ಅಂಚಿಗೆ ಹೋಗುತ್ತದೆ. ಹಾಗಾಗಿ ಅಂಟುವಾಳ: 10 ಕಾಯಿಯ ಸಿಪ್ಪೆಯನ್ನು 1 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಅದರದ್ದೇ ಕಂದು ಕಲೆ ಬೀಳುತ್ತದೆ. ಅರ್ಧ ಬಕೆಟ್ ನೀರಿಗೆ ಬೆರೆಸಿ 10 ನಿಮಿಷ ಅದ್ದಿ, ಹಿಂಡದೆ, ಮೂರು ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಮೊದಲು ಒಂದೇ ಪಂಚೆಗೆ ಮಾಡಿ ನೋಡಿ. ಮಳೆ ಹಿಡಿದ ಮೇಲೆ ಈ ಕೆಲಸಕ್ಕೆ ಕೈ ಹಾಕಬೇಡಿ, ದಪ್ಪ ಪಂಚೆ ಎರಡು ದಿನವಾದರೂ ಒಣಗದೆ ಮುಗ್ಗು ವಾಸನೆ ಹಿಡಿಯುತ್ತದೆ. ಇಪ್ಪತ್ತನ್ನೂ ಮೇ ಮುಗಿಯುವುದರೊಳಗೆ ಮುಗಿಸಿ.