ಬೇಡ ಅಂದರೂ ಸೈಟಿಗೆ ಬಾಟ್‌ಗಳು ನುಗ್ಗುತ್ತಿವೆ, ಏನು ಮಾಡೋದು?

ಪ್ರಶ್ನೆ:
ನನ್ನದೊಂದು ಸಣ್ಣ ಅಡುಗೆ ಸೈಟ್ ಇದೆ. ಯಾವ ಬಾಟ್ ಎಲ್ಲಿಗೆ ಬರಬಾರದು ಅಂತ ಹೇಳುವ ರೋಬಾಟ್ಸ್ ಫೈಲಿನಲ್ಲಿ (robots.txt) ಎಐ ಕ್ರಾಲರ್‌ಗಳಿಗೆಲ್ಲ, ಅಂದರೆ ಎಐಗಾಗಿ ಪುಟಗಳನ್ನು ತಾವಾಗೇ ಓದಿ ಒಯ್ಯುವ ಬಾಟ್‌ಗಳಿಗೆಲ್ಲ, ಡಿಸ್‌ಅಲೋ (ಬರಬೇಡಿ) ಅಂತ ಹಾಕಿದ್ದೇನೆ. ಆದರೂ ಯಾರ್ಯಾರು ಬಂದರು ಅಂತ ಸರ್ವರ್ ಬರೆದಿಡುವ ಲಾಗ್ ನೋಡಿದರೆ ಯಾವುದೋ ಬಾಟ್ ರಾತ್ರಿಯಿಡೀ ಒಂದೊಂದೇ ಪುಟ ಎಳೆದುಕೊಂಡು ಹೋಗಿದೆ, ಹೋಸ್ಟಿಂಗ್ ಬಿಲ್ ಬೇರೆ ಏರಿದೆ. ಆ ಫೈಲಿಗೆ ಬೆಲೆನೇ ಇಲ್ವಾ?

ಉತ್ತರ 1:
ಅದು ಬೀಗ ಅಲ್ಲ, ಬಾಗಿಲಿಗೆ ಅಂಟಿಸಿದ ಚೀಟಿ ಅಷ್ಟೇ. 1994ರಲ್ಲಿ ಮಾರ್ಟೈನ್ ಕೋಸ್ಟರ್ ಅನ್ನೋ ಪ್ರೋಗ್ರಾಮರ್ ಇದನ್ನು ಸೂಚಿಸಿದಾಗ ಕ್ರಾಲರ್ ಬರೆಯುವವರು ಕೆಲವೇ ಜನ, ತಮ್ಮತಮ್ಮಲ್ಲೇ ಮಾತಾಡಿ ಒಪ್ಪಿಕೊಂಡರು. ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ಇದನ್ನು ಆರ್‌ಎಫ್‌ಸಿ 9309 ಅನ್ನೋ ದಾಖಲೆಯಾಗಿ ಪ್ರಕಟಿಸಿದ್ದೇ 2022ರಲ್ಲಿ. ಅದರಲ್ಲೂ ಇದು ಪ್ರವೇಶ ತಡೆಯುವ ವ್ಯವಸ್ಥೆ ಅಲ್ಲ ಅಂತ ಸ್ಪಷ್ಟವಾಗಿ ಬರೆದಿದೆ.

ಉತ್ತರ 2:
ಲಾಗ್‌ನಲ್ಲಿರುವ ಹೆಸರನ್ನು ಸುಮ್ನೆ ನಂಬಬೇಡಿ. ಬಾಟ್ ತನ್ನ ಹೆಸರು ಹೇಳಿಕೊಳ್ಳುವ ಯೂಸರ್ ಏಜೆಂಟ್ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಗೂಗಲ್‌ಬಾಟ್ (ಗೂಗಲ್ ಸರ್ಚ್‌ನ ಬಾಟ್) ಅಂತ ಇದ್ದರೆ ಅದು ಬಂದ ಐಪಿ ವಿಳಾಸಕ್ಕೆ ರಿವರ್ಸ್ ಡಿಎನ್‌ಎಸ್ ಹಾಕಿ, ಅಂದರೆ ಆ ವಿಳಾಸ ಯಾವ ಡೊಮೈನ್ ಹೆಸರಿನದು ಅಂತ ಹುಡುಕಿ, ಆ ಹೆಸರು ಗೂಗಲ್‌ನದೇನಾ, ಮತ್ತೆ ಅದೇ ಐಪಿಗೆ ತಿರುಗುತ್ತದಾ ಅಂತಲೂ ನೋಡಿ, ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಮೊದಲು ಸರ್ವರ್‌ನಲ್ಲೇ ರೇಟ್ ಲಿಮಿಟ್ ಹಾಕಿ, ಅಂದರೆ ಒಬ್ಬರು ಇಷ್ಟು ಹೊತ್ತಿನಲ್ಲಿ ಇಷ್ಟೇ ಪುಟ ಕೇಳಬಹುದು ಅನ್ನೋ ಮಿತಿ.

ಉತ್ತರ 3:
ಅಸಲಿ ಗೂಗಲ್‌ಬಾಟನ್ನು ತಡೆದುಬಿಟ್ಟೀರಿ, ಹುಷಾರು! ಸರ್ಚ್‌ಗೇ ಪೆಟ್ಟು. ಎಐ ತರಬೇತಿಗೆ ಮಾತ್ರ ಬೇಡ ಅನ್ನೋಕೆ ರೋಬಾಟ್ಸ್ ಫೈಲಿನಲ್ಲಿ ಬರೆಯಲು ಗೂಗಲ್-ಎಕ್ಸ್‌ಟೆಂಡೆಡ್ ಅಂತ ಬೇರೆ ಹೆಸರಿದೆ. ನನಗೆ ಸಿಟ್ಟು ಬರೋದೇ ಇಲ್ಲಿ. ಕಂಪನಿಗೊಂದು ಹೆಸರು ಹುಡುಕಿ ಬೇಡ ಬೇಡ ಅಂತ ಬರೆಯುವ ಕೆಲಸ ನಮಗ್ಯಾಕೆ, ತಗೊಳ್ಳುವವರು ತಾನೇ ಮೊದಲು ಕೇಳಬೇಕಾದ್ದು, ಅಲ್ವಾ?