ಕ್ಯಾಲೋರಿಕ್ ಪರೀಕ್ಷೆಯಲ್ಲಿ ಬಲಗಿವಿ ಶೇ. 35 ದುರ್ಬಲ ಎಂದು ಬಂದಿದೆ, ಇದರ ಅರ್ಥವೇನು?

ಪ್ರಶ್ನೆ

ನನ್ನ ತಾಯಿಗೆ 54 ವರ್ಷ. ಎರಡು ತಿಂಗಳಿಂದ ಆಗಾಗ ತಲೆಸುತ್ತು ಬರುತ್ತಿದ್ದು, ಕೆಲವು ದಿನ ಗೋಡೆ ಹಿಡಿಯದೆ ನಡೆಯಲಾಗುವುದಿಲ್ಲ. ಕಿವಿ, ಮೂಗು, ಗಂಟಲು ತಜ್ಞರ ಸಲಹೆಯಂತೆ ಕಳೆದ ವಾರ ಕಿವಿಗೆ ಬಿಸಿನೀರು, ತಣ್ಣೀರು ಬಿಟ್ಟು ಕಣ್ಣಿನ ಚಲನೆಯನ್ನು ಅಳೆಯುವ ಪರೀಕ್ಷೆ ಮಾಡಿಸಿದೆವು. ಬಲಗಿವಿಗೆ ಬಿಸಿಯಲ್ಲಿ 11, ತಣ್ಣಗಿನದರಲ್ಲಿ 11. ಎಡಗಿವಿಗೆ 25 ಮತ್ತು 21. ಕೊನೆಯಲ್ಲಿ ‘ಯುನಿಲ್ಯಾಟರಲ್ ವೀಕ್‌ನೆಸ್ ಬಲಕ್ಕೆ ಶೇ. 35, ಡೈರೆಕ್ಷನಲ್ ಪ್ರಿಪಾಂಡರೆನ್ಸ್ ಎಡಕ್ಕೆ ಶೇ. 6’ ಎಂದು ಬರೆದಿದ್ದಾರೆ. ವೈದ್ಯರ ಮುಂದಿನ ಭೇಟಿಗೆ ಇನ್ನೂ ಹತ್ತು ದಿನವಿದೆ. ಬಲಗಿವಿಯ ಮೂರನೆಯ ಒಂದು ಪಾಲು ಸತ್ತೇ ಹೋಗಿದೆ ಎಂದುಕೊಂಡು ಅಮ್ಮ ಕೊರಗುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ಶ್ರವಣತಜ್ಞೆ)

ಶೇ. 35 ಎಂಬುದು ಸತ್ತುಹೋದ ಭಾಗದ ಅಳತೆಯಲ್ಲ ಎಂದು ಮೊದಲು ತಾಯಿಯವರಿಗೆ ತಿಳಿಸಿ. ಅದು ಎರಡು ಕಿವಿಗಳ ನಡುವಿನ ಹೋಲಿಕೆ.

ಸಾಮಾನ್ಯವಾಗಿ ನೀರು 44 ಮತ್ತು 30 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ಅಂದರೆ ಮೈಯ ಬಿಸಿಗಿಂತ ಏಳು ಡಿಗ್ರಿ ಹೆಚ್ಚು, ಏಳು ಡಿಗ್ರಿ ಕಡಿಮೆ. ಆ ವ್ಯತ್ಯಾಸದಿಂದ ಒಳಗಿವಿಯ ಅಡ್ಡ ನಾಳದಲ್ಲಿರುವ ದ್ರವ ಚಲಿಸಿ, ತಲೆ ತಿರುಗುತ್ತಿದೆ ಎಂಬ ಸುಳ್ಳು ಸಂದೇಶ ಮೆದುಳಿಗೆ ಹೋಗುತ್ತದೆ. ಕಣ್ಣುಗಳು ಒಂದು ಬದಿಗೆ ನಿಧಾನವಾಗಿ ಸರಿದು, ಥಟ್ಟನೆ ಹಿಂದಿರುಗುತ್ತವೆ. ಆ ನಿಧಾನದ ಸರಿತ ಸೆಕೆಂಡಿಗೆ ಎಷ್ಟು ಡಿಗ್ರಿ ಎಂಬುದೇ ನಿಮ್ಮ ನಾಲ್ಕು ಸಂಖ್ಯೆಗಳು. ಬಲಗಿವಿಯ ಮೊತ್ತ 22, ಎಡಗಿವಿಯದು 46, ಒಟ್ಟು 68. ವ್ಯತ್ಯಾಸವಾದ 24ನ್ನು 68ರಿಂದ ಭಾಗಿಸಿದರೆ ಶೇ. 35 ಬರುತ್ತದೆ. ಶೇ. 20ರಿಂದ 25ರವರೆಗಿನ ವ್ಯತ್ಯಾಸವನ್ನು ಹೆಚ್ಚಿನ ಪ್ರಯೋಗಾಲಯಗಳು ಸಹಜವೆಂದೇ ಪರಿಗಣಿಸುತ್ತವೆ. ಆದ್ದರಿಂದ ನಿಮ್ಮ ವರದಿ ಮಿತಿಯನ್ನು ದಾಟಿದೆ ನಿಜ, ಆದರೆ ಬಲಗಿವಿ ಉತ್ತರ ಕೊಡುತ್ತಲೇ ಇದೆ. ಡೈರೆಕ್ಷನಲ್ ಪ್ರಿಪಾಂಡರೆನ್ಸ್, ಅಂದರೆ ಕಣ್ಣಿನ ಚಲನೆ ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕಿಗೆ ಹೆಚ್ಚಾಗಿರುವುದು, ಶೇ. 6 ಇರುವುದಕ್ಕೆ ಮಹತ್ವವಿಲ್ಲ.

ಈ ಪರೀಕ್ಷೆ ಅಡ್ಡ ನಾಳ ಮತ್ತು ಅದರ ನರವನ್ನು ಮಾತ್ರ ನೋಡುತ್ತದೆ, ಅದೂ ಅತಿ ನಿಧಾನವಾದ ಚಲನೆಯ ಮಟ್ಟದಲ್ಲಿ. ಇದೊಂದರಿಂದಲೇ ರೋಗದ ಹೆಸರು ಹೇಳಲಾಗದು.

ಉತ್ತರ 2 (ಕಿವಿ, ಮೂಗು, ಗಂಟಲು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ)

ಮೇಡಂ ಹೇಳಿದ್ದಕ್ಕೆ ನನ್ನ ಸಮ್ಮತಿಯಿದೆ. ತಲೆಯನ್ನು ವೇಗವಾಗಿ ಜರ್ಕ್ ಕೊಟ್ಟು ನೋಡುವ ವಿಡಿಯೋ ಹೆಡ್ ಇಂಪಲ್ಸ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಕ್ಯಾಲೋರಿಕ್‌ನಲ್ಲಿ ಒಂದು ಕಿವಿ ದುರ್ಬಲವಾಗಿದ್ದು, ಹೆಡ್ ಇಂಪಲ್ಸ್ ಸಹಜವಾಗಿರುವ ಜೋಡಿ ಮೆನಿಯೇರ್ ಎಂಬ ಒಳಗಿವಿಯ ಕಾಯಿಲೆಯಲ್ಲಿ ಹಲವು ಬಾರಿ ಕಾಣುತ್ತದೆ. ಕಿವಿಯಲ್ಲಿ ಮೊರೆತ, ಕೇಳಿಸುವುದರಲ್ಲಿ ಏರುಪೇರು ಇದ್ದರೆ ಆ ಕಡೆಗೆ ಯೋಚಿಸಬೇಕಾಗುತ್ತದೆ. ಮಗ್ಗುಲು ಬದಲಿಸಿದಾಗ ಮಾತ್ರ ಕೆಲವು ಕ್ಷಣ ಸುತ್ತುವ ತೊಂದರೆಯಾಗಿದ್ದರೆ ಈ ವರದಿ ಸಾಮಾನ್ಯವಾಗಿ ಸಹಜವಾಗಿಯೇ ಬರುತ್ತದೆ.

ಎರಡು ವಿಷಯಗಳನ್ನು ತಿಳಿಸಿ: ಪರೀಕ್ಷೆಯ ಹಿಂದಿನ ದಿನ ತಲೆಸುತ್ತಿನ ಮಾತ್ರೆ ತೆಗೆದುಕೊಂಡಿದ್ದರೇ? ಕಿವಿಯಲ್ಲಿ ಗುಗ್ಗೆ ಇತ್ತೇ?

ಪ್ರಶ್ನೆ ಕೇಳಿದವರು

ಹಿಂದಿನ ರಾತ್ರಿ ಸಿನ್ನರಿಜಿನ್ ತೆಗೆದುಕೊಂಡಿದ್ದರು. ನಿಲ್ಲಿಸಬೇಕೆಂದು ಯಾರೂ ಹೇಳಿರಲಿಲ್ಲ. ಗುಗ್ಗೆಯ ವಿಷಯ ಅಮ್ಮನನ್ನು ಕೇಳಿದೆ. ಪರೀಕ್ಷೆಯಾದ ಎರಡು ದಿನಗಳ ನಂತರ ಬಲಗಿವಿ ಕಟ್ಟಿದಂತಿದೆ ಎಂದು ಊರಿನ ವೈದ್ಯರಲ್ಲಿಗೆ ಹೋಗಿದ್ದರಂತೆ, ಅವರು ಸಾಕಷ್ಟು ಗುಗ್ಗೆ ತೆಗೆದರಂತೆ. ಮೊರೆತವಿಲ್ಲ.

ಉತ್ತರ 1 (ಶ್ರವಣತಜ್ಞೆ)

ಮಾತ್ರೆ ಎರಡೂ ಕಿವಿಗಳ ಪ್ರತಿಕ್ರಿಯೆಯನ್ನು ತಗ್ಗಿಸಬಲ್ಲದೇ ಹೊರತು, ಒಂದೇ ಬದಿಯ ವ್ಯತ್ಯಾಸವನ್ನು ಅದರಿಂದ ವಿವರಿಸುವುದು ಕಷ್ಟ. ಗುಗ್ಗೆಯ ವಿಷಯ ಹಾಗಲ್ಲ. ನೀರಿನ ಬಿಸಿ ಕಿವಿತಮಟೆಯವರೆಗೆ ತಲುಪದಿದ್ದರೆ ಆರೋಗ್ಯವಂತ ಕಿವಿಯೂ ವರದಿಯಲ್ಲಿ ದುರ್ಬಲವಾಗಿಯೇ ಕಾಣುತ್ತದೆ, ಮತ್ತು ನಿಮ್ಮ ತಾಯಿಯವರ ಬಲಗಿವಿಯಲ್ಲಿ ಬಿಸಿ, ತಣ್ಣಗಿನ ಎರಡೂ ಪ್ರತಿಕ್ರಿಯೆಗಳು ಒಂದೇ ಸಮನಾಗಿ ಕುಗ್ಗಿರುವುದು ಈ ಸಂಶಯಕ್ಕೆ ಹೊಂದುತ್ತದೆ. ಪರೀಕ್ಷೆಗೆ ಮುನ್ನ ಕಿವಿಯೊಳಗೆ ಇಣುಕಿ ನೋಡುವುದು ನಮ್ಮ ಕೆಲಸದ ಮೊದಲ ಹೆಜ್ಜೆ. ಅದು ತಪ್ಪಿದ್ದರೆ ನನಗೆ ಬೇಸರವಾಗುತ್ತದೆ.

ಈ ಶೇ. 35ನ್ನು ಸದ್ಯಕ್ಕೆ ನಂಬಬೇಡಿ. ವೈದ್ಯರಿಗೆ ಗುಗ್ಗೆಯ ವಿಷಯವನ್ನೂ ಮಾತ್ರೆಯ ವಿಷಯವನ್ನೂ ಈಗಲೇ ಫೋನಿನಲ್ಲಿ ತಿಳಿಸಿ. ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರನ್ನೇ ಕೇಳಿಕೊಂಡು, ಒಂದು ಕಿವಿಗಷ್ಟೇ ಅಲ್ಲದೆ ನಾಲ್ಕೂ ಬಾರಿ ನೀರು ಬಿಟ್ಟು ಪರೀಕ್ಷೆಯನ್ನು ಮೊದಲಿನಿಂದ ಮಾಡಿಸಿ.